ಕಿಟಕಿ ಮುಚ್ಚಿದರೂ ನಡೆಯುವ ಕೆಲಸ

ಫೈಲ್ ಹಂಚಿಕೊಳ್ಳುವ ಯಾವುದೇ ಪ್ರೋಗ್ರಾಮಿಗೆ ಎರಡು ಕೆಲಸ: ಕೇಳುವುದು, ಕೊಡುವುದು. ಬೇಕಾದದ್ದನ್ನು ಹುಡುಕಿ ಇಳಿಸಿಕೊಳ್ಳಲು ಗುಂಡಿ, ಪಟ್ಟಿಗಳಿರುವ ಒಂದು ಕಿಟಕಿ ಬೇಕು. ನಮ್ಮಲ್ಲಿರುವುದನ್ನು ಇನ್ನೊಬ್ಬರಿಗೆ ಕೊಡಲು ಕಿಟಕಿ ಬೇಕಿಲ್ಲ, ಯಂತ್ರ ಎಚ್ಚರವಿದ್ದರೆ ಸಾಕು. ಇಷ್ಟು ಸರಳವಾದ ಮಾತು ಪ್ರೋಗ್ರಾಮುಗಳ ಒಳಗೆ ಇಳಿಯಲು ಕೆಲವು ವರ್ಷಗಳೇ ಹಿಡಿದವು.

1999ರಲ್ಲಿ ಶಾನ್ ಫ್ಯಾನಿಂಗ್ ಹೊರತಂದ ನ್ಯಾಪ್‌ಸ್ಟರ್ ಮನೆಯ ಕಂಪ್ಯೂಟರಿಗೆಂದೇ ಮಾಡಿದ ವಿಂಡೋಸ್ ಪ್ರೋಗ್ರಾಂ. ಅದರಿಂದ ಹೊರಬಂದರೆ ನಿಮ್ಮ ಹಾಡುಗಳು ಬೇರೆಯವರ ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಹಂಚಿಕೆ ಬದುಕಬೇಕಾದರೆ ಕೊಡುವ ಯಂತ್ರಗಳು ಹಗಲೂ ರಾತ್ರಿ ಜಾಲದಲ್ಲಿರಬೇಕು. ಅದಕ್ಕಾಗಿ ಕೆಲವರು ಮಾನಿಟರ್ ಇಲ್ಲದ ಲಿನಕ್ಸ್ ಯಂತ್ರವೊಂದನ್ನು ಮೂಲೆಯಲ್ಲಿಟ್ಟು ಸದಾ ಓಡಿಸತೊಡಗಿದರು.

ಅಲ್ಲಿ ತೊಡಕು ಎದುರಾಯಿತು. ಲಿನಕ್ಸಿನಲ್ಲಿ ಕಿಟಕಿ ಬರೆಯುವ ಕೆಲಸ ಆಗ ಎಕ್ಸ್ ವಿಂಡೋ ವ್ಯವಸ್ಥೆಯದಾಗಿತ್ತು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ವ್ಯವಸ್ಥೆ ಅದು. ಕಿಟಕಿಯನ್ನೇ ನಂಬಿದ ಪ್ರೋಗ್ರಾಂ ಮೊದಲು ಎಕ್ಸ್ ಅನ್ನು ಹುಡುಕುತ್ತಿತ್ತು. ಸಿಗದಿದ್ದರೆ ಪರದೆ ಇಲ್ಲವೆಂದು ದೂರಿ ನಿಂತುಬಿಡುತ್ತಿತ್ತು. ಫೈಲ್ ಕಳಿಸಲು ಪರದೆ ಯಾಕೆ ಬೇಕೆಂದು ಅದನ್ನು ಕೇಳುವಂತಿರಲಿಲ್ಲ.

ಮೊದಲ ಉಪಾಯ ಅದಕ್ಕೆ ಸುಳ್ಳು ಹೇಳುವುದು. ಎಕ್ಸ್‌ವಿಎಫ್‌ಬಿ ಎಂಬ ಪ್ರೋಗ್ರಾಂ ಮೆಮೊರಿಯೊಳಗೇ ಒಂದು ಹುಸಿ ಪರದೆ ಕಟ್ಟಿಕೊಡುತ್ತದೆ. ಯಾರೂ ನೋಡದ ಆ ಪರದೆಯ ಮೇಲೆ ಗುಂಡಿಗಳು, ಪಟ್ಟಿಗಳು ಶ್ರದ್ಧೆಯಿಂದ ಮೂಡುತ್ತವೆ. ಇಣುಕಿ ನೋಡಬೇಕೆಂದರೆ, ಕೇಂಬ್ರಿಜ್‌ನ ಪ್ರಯೋಗಾಲಯವೊಂದರಲ್ಲಿ ಹುಟ್ಟಿದ ವಿಎನ್‌ಸಿ ಇತ್ತು. ಕೆಲಸವೇನೋ ನಡೆಯುತ್ತಿತ್ತು. ಆದರೆ ‘ಸರಿಯೇ?’ ಎಂದು ಕೇಳುವ ಪೆಟ್ಟಿಗೆಯೊಂದು ತೆರೆದುಕೊಂಡರೆ ಒತ್ತುವವರಿಲ್ಲದೆ ರಾತ್ರಿಯಿಡೀ ಕಾಯುತ್ತ ಕೂರುವುದೂ ಇತ್ತು.

ಸರಿಯಾದ ಪರಿಹಾರ ಪ್ರೋಗ್ರಾಮನ್ನೇ ಎರಡು ಮಾಡುವುದು: ದುಡಿಯುವ ಭಾಗ ಬೇರೆ, ತೋರಿಸುವ ಭಾಗ ಬೇರೆ. 2001ರಲ್ಲಿ ಬಿಟ್‌ಟೊರೆಂಟ್ ತಂದ ಬ್ರಾಮ್ ಕೋಹೆನ್ ಅವರ ಪೈಥಾನ್ ಪ್ರೋಗ್ರಾಮಿಗೆ ಕಿಟಕಿಯ ರೂಪ, ಬರಿ ಅಕ್ಷರಗಳ ರೂಪಗಳ ಜೊತೆಗೆ ‘ಹೆಡ್‌ಲೆಸ್’, ಅಂದರೆ ತಲೆಯಿಲ್ಲದ ರೂಪವೂ ಬಂತು. ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಫ್ಯಾಬ್ರಿಸ್ ಲೆ ಫೆಸಾಂ ಆರಂಭಿಸಿದ ಎಂಎಲ್‌ಡಾಂಕಿ ಹಿನ್ನೆಲೆಯಲ್ಲೇ ದುಡಿಯುತ್ತಿತ್ತು. ಅದರೊಡನೆ ಮಾತಾಡಲು ಟೆಲ್‌ನೆಟ್, ಬ್ರೌಸರ್ ಅಥವಾ ಪ್ರತ್ಯೇಕ ಕಿಟಕಿ, ಯಾವುದಾದರೂ ಆಗುತ್ತಿತ್ತು. ಎಮ್ಯೂಲ್, ಡೆಲ್ಯೂಜ್, ಟ್ರಾನ್ಸ್‌ಮಿಶನ್‌ಗಳ ಲಿನಕ್ಸ್ ರೂಪಗಳೂ ಇದೇ ದಾರಿ ಹಿಡಿದವು. ಇದರಲ್ಲಿ ‘ಎಮ್ಯೂಲ್’ ಎಂದರೆ ಲಿನಕ್ಸಿನ ಎ-ಮ್ಯೂಲ್, ವಿಂಡೋಸಿನ ಇ-ಮ್ಯೂಲ್ ಅಲ್ಲ. ಹೀಗೆ ತೆರೆಮರೆಯಲ್ಲಿ ದುಡಿಯುವ ಪ್ರೋಗ್ರಾಮಿಗೆ ಡೀಮನ್ ಎಂದು ಹೆಸರು. 1960ರ ದಶಕದಲ್ಲಿ ಎಂಐಟಿಯವರು ಇಟ್ಟದ್ದು, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ದಣಿಯದೆ ವಿಂಗಡಿಸುವ ಭೂತದ ನೆನಪಿನಲ್ಲಿ.

ಕಿಟಕಿ ಹೋದಾಗ ಅದರ ಜೊತೆ ಇನ್ನೊಂದೂ ಹೋಗುತ್ತದೆ: ಏನು ನಡೆಯುತ್ತಿದೆ ಎಂದು ಕಣ್ಣಿಗೆ ಬೀಳುವ ಅವಕಾಶ. ಕಿಟಕಿ ಇದ್ದಾಗಲೂ ಅದು ಸುಲಭವಿರಲಿಲ್ಲ. 2002ರಲ್ಲಿ ನಥಾನಿಯಲ್ ಗುಡ್ ಮತ್ತು ಆರನ್ ಕ್ರೆಕೆಲ್‌ಬರ್ಗ್ ಕಜಾ ಎಂಬ ಪ್ರೋಗ್ರಾಮನ್ನು 12 ಜನರ ಮುಂದಿಟ್ಟು, ಯಾವ ಫೈಲುಗಳು ಹಂಚಿಕೆಯಾಗುತ್ತಿವೆ ಎಂದು ಕೇಳಿದರು. ಸರಿಯಾಗಿ ಹೇಳಿದವರು ಇಬ್ಬರೇ.

ಡೀಮನ್ ವಿಷಯದಲ್ಲಿ ಅಪಾಯದ ಬಗೆ ಬೇರೆ. ಅದಕ್ಕೆ ಆಜ್ಞೆ ಕೊಡಲು ಸಾಮಾನ್ಯವಾಗಿ ಜಾಲದ ಕಡೆಗೊಂದು ಬಾಗಿಲು ಇಡಲಾಗುತ್ತದೆ. ಟ್ರಾನ್ಸ್‌ಮಿಶನ್‌ನಲ್ಲಿ ಅದು 9091ನೇ ಪೋರ್ಟ್. 2018ರ ಜನವರಿಯಲ್ಲಿ ಗೂಗಲ್‌ನ ಟಾವಿಸ್ ಆರ್ಮಂಡಿ ಆ ಬಾಗಿಲಿನ ದೋಷವನ್ನು ಬಯಲು ಮಾಡಿದರು. ನೀವು ಬ್ರೌಸರಿನಲ್ಲಿ ತೆರೆದ ಒಂದು ಕೆಟ್ಟ ತಾಣ, ತನ್ನ ಹೆಸರು ನಿಮ್ಮದೇ ಯಂತ್ರದ ವಿಳಾಸವನ್ನು ಸೂಚಿಸುವಂತೆ ಬದಲಿಸಿ, ಒಳಗಿನ ಡೀಮನ್‌ಗೆ ಆಜ್ಞೆ ಕೊಡಬಹುದಿತ್ತು. ಮನೆಯವರೇ ಕರೆದರೆಂದು ಡೀಮನ್ ನಂಬುತ್ತಿತ್ತು. ಬರುವ ಕೋರಿಕೆಯಲ್ಲಿರುವ ಹೆಸರನ್ನು ಪರೀಕ್ಷಿಸುವ ತಿದ್ದುಪಡಿ ಬಳಿಕ ಬಂತು.

ಕಿಟಕಿ ಇಲ್ಲದೆ ಓಡಿಸುವವರು ಈ ಇತಿಹಾಸದಿಂದ ಕಲಿಯುವುದು ಸಣ್ಣದು, ಆದರೆ ಗಟ್ಟಿಯಾದದ್ದು. ಆಜ್ಞೆಯ ಬಾಗಿಲು ನಿಮ್ಮ ಯಂತ್ರಕ್ಕೆ ಮಾತ್ರ ತೆರೆದಿರಲಿ, ಅದಕ್ಕೊಂದು ಪಾಸ್‌ವರ್ಡ್ ಇರಲಿ, ಹಂಚುವ ಫೋಲ್ಡರ್ ಬೇರೆಯೇ ಇರಲಿ. ಎದುರಿಗೆ ಕೂತು ಕಾಯಬೇಕಿಲ್ಲ ನಿಜ, ಆದರೆ ನಮ್ಮ ಹೆಸರಿನಲ್ಲಿ ರಾತ್ರಿಯಿಡೀ ಏನು ಕೊಡಲಾಗುತ್ತಿದೆ ಎಂಬುದಕ್ಕೆ ಹೊಣೆ ನಮ್ಮದೇ.