ಟೈರಿನ ಹಲ್ಲು

ನಮ್ಮ ಕಡೆ ಎತ್ತು ಕೊಳ್ಳುವಾಗ ಮಾರುವವನ ಮಾತನ್ನು ಯಾರೂ ನಂಬೋದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದ್ದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಅಪ್ಪ ನಿಮಿಷದೊಳಗೆ ಜೋಡಿಯ ವಯಸ್ಸು ಹೇಳುತ್ತಿದ್ದುದನ್ನು ನೋಡುತ್ತ ಬೆಳೆದವನು ನಾನು.

2023ರಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಮುಂದಿನ ಒಂದು ಟೈರ್ ಸವೆದಿತ್ತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಮಾತ್ರ ಹೊಚ್ಚ ಹೊಸದರ ಹಾಗಿತ್ತು. ಮೈಮೇಲಿನ ರಬ್ಬರ್ ಕೂದಲು ಕೂಡ ಉದುರಿರಲಿಲ್ಲ. ಅದನ್ನೇ ಮುಂದಕ್ಕೆ ಹಾಕಿಸಿ ಅಪ್ಪ ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗೋಣ ಅಂದುಕೊಂಡಿದ್ದೆ. ಅಪ್ಪ ಟೈರಿನ ಮೇಲೆ ಕೈಯಾಡಿಸಿ ಕೇಳಿದರು: "ಇದರ ಹಲ್ಲು ಎಲ್ಲಿ ನೋಡೋದಪ್ಪ?"

ಬಿಇ ಮಾಡಿದ ಮಗನಿಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದೆ. ಐವತ್ತು ವರ್ಷದ ಒಂದು ಕತೆಯೇ ಸಿಕ್ಕಿತು.

ಅಮೆರಿಕದಲ್ಲಿ 1966ರಲ್ಲಿ ವಾಹನ ಸುರಕ್ಷತೆಯ ಕಾಯ್ದೆ ಬಂತು. ಅದರ ಬೆನ್ನಿಗೇ 1971ರಲ್ಲಿ ಪ್ರತಿ ಟೈರಿಗೂ ಒಂದು ಗುರುತಿನ ಸಂಖ್ಯೆ ಇರಬೇಕೆಂಬ ನಿಯಮ ಆಯಿತು. ಟೈರಿನ ಪಕ್ಕದಲ್ಲಿ ನೀವು ನೋಡಿರಬಹುದಾದ 'ಡಿಒಟಿ' ಅನ್ನೋ ಅಕ್ಷರಗಳು ಆ ದೇಶದ ಸಾರಿಗೆ ಇಲಾಖೆಯ ಹೆಸರಿನವು. ಅವುಗಳ ಮುಂದೆ ಕಾರ್ಖಾನೆಯ ಗುರುತು, ಅಳತೆಯ ಗುರುತು, ಕಟ್ಟಕಡೆಗೆ ತಯಾರಾದ ವಾರ ಮತ್ತು ವರ್ಷ. ಒಂದು ಕಂತಿನ ಮಾಲು ಕೆಟ್ಟಿದ್ದರೆ ಯಾವ ಕಾರ್ಖಾನೆಯದು, ಯಾವ ವಾರದ್ದು ಅಂತ ಪತ್ತೆಹಚ್ಚಿ ವಾಪಸ್ ಕರೆಸಿಕೊಳ್ಳಲು ಮಾಡಿದ ಏರ್ಪಾಡು ಇದು. ಕೊಂಡವನು ತನ್ನ ಟೈರಿನ ವಯಸ್ಸು ತಿಳಿಯಲಿ ಅಂತ ಮಾಡಿದ್ದಲ್ಲ.

ಹಾಗಾಗಿಯೇ ತಾರೀಕಿಗೆ ಮೂರೇ ಅಂಕಿ ಕೊಟ್ಟರು. ವಾರಕ್ಕೆ ಎರಡು, ವರ್ಷಕ್ಕೆ ಒಂದು. 328 ಅಂದರೆ 32ನೇ ವಾರ, 8ರಲ್ಲಿ ಮುಗಿಯುವ ವರ್ಷ. 1978ಓ, 1988ಓ, 1998ಓ? ಟೈರು ನೋಡಿ ಹೇಳಲು ಬರುತ್ತಿರಲಿಲ್ಲ. ವರ್ಷವನ್ನು ಎರಡಂಕಿಯಲ್ಲಿ ಬರೆದಿದ್ದಕ್ಕೆ ನಮ್ಮ ಸಾಫ್ಟ್‌ವೇರ್ ಜಗತ್ತು 1999ರಲ್ಲಿ ವೈಟುಕೆ ಅಂತ ಬೆವರಿತ್ತು. ಟೈರಿನವರು ಒಂದೇ ಅಂಕಿಯಲ್ಲಿ ಮೂವತ್ತು ವರ್ಷ ದೂಡಿದ್ದರು! ತೊಂಬತ್ತರ ದಶಕದ್ದು ಅಂತ ತೋರಿಸಲು ಕೆಲವು ಕಂಪನಿಗಳು ಅಂಕಿಯ ಪಕ್ಕ ಪುಟ್ಟ ತ್ರಿಕೋನ ಒತ್ತುತ್ತಿದ್ದವು. ನಮ್ಮ ಕೆಲಸದಲ್ಲಿ ಇದಕ್ಕೆ ಪ್ಯಾಚ್ ಅಂತೀವಿ. ಕಡೆಗೆ 2000ದಲ್ಲಿ ನಾಲ್ಕು ಅಂಕಿ ಬಂತು. ಈಗ 2319 ಅಂದರೆ 2019ರ 23ನೇ ವಾರ, ಗೊಂದಲವೇ ಇಲ್ಲ.

ಅದೇ 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಓಡುತ್ತಿರುವಾಗಲೇ ಟೈರಿನ ಮೇಲ್ಪದರ ಕಿತ್ತು ಬರುತ್ತಿತ್ತು. ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಪಲ್ಟಿಯಾಗುತ್ತಿದ್ದವು. ಈ ಟೈರುಗಳಿಗೆ ಸಂಬಂಧಿಸಿ ಅಲ್ಲಿನ ಸರ್ಕಾರದ ಲೆಕ್ಕದಲ್ಲಿ 271 ಸಾವು. ತಮ್ಮ ಟೈರು ಆ ಪೈಕಿಯದೇ ಅಂತ ನೋಡಹೊರಟವರಿಗೆ ಇನ್ನೊಂದು ಕಷ್ಟ ಎದುರಾಯಿತು. ಸಂಖ್ಯೆ ಇರುತ್ತಿದ್ದುದು ಟೈರಿನ ಒಂದೇ ಮಗ್ಗುಲಲ್ಲಿ. ಆ ಮಗ್ಗುಲು ಒಳಕ್ಕಿದ್ದರೆ ಕಾರಿನಡಿ ಮಲಗಿ ಟಾರ್ಚ್ ಬಿಟ್ಟು ಓದಬೇಕು. ಆ ವರ್ಷದ ನವೆಂಬರಿನಲ್ಲಿ ಹೊಸ ಕಾಯ್ದೆ ಬಂತು. ಮುಂದೆ ಅದರಡಿಯಲ್ಲಿ ಪೂರ್ತಿ ಸಂಖ್ಯೆ ಹೊರಮಗ್ಗುಲಿಗೇ ಬರಬೇಕು ಅಂತ ನಿಯಮವಾಯಿತು.

ಆದರೂ ವಯಸ್ಸು ಯಾಕೆ ಮುಖ್ಯ? 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಅದು ಗಟ್ಟಿಯಾಗಿದ್ದು ಗಂಧಕವು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿದ್ದರಿಂದ. ಕಾರ್ಖಾನೆ ಬಿಟ್ಟ ಮೇಲೆ ಗಾಳಿಯ ಆಮ್ಲಜನಕ ಒಳಹೊಕ್ಕು ಬೇರೆ ಕಟ್ಟುಗಳನ್ನು ಹಾಕುತ್ತ ಹೋಗುತ್ತದೆ. ರಬ್ಬರು ಬಿರುಸಾಗುತ್ತದೆ, ಒಳಗಿನ ಉಕ್ಕಿನ ತಂತಿಪಟ್ಟಿಗಳ ಹಿಡಿತ ಸಡಿಲವಾಗುತ್ತದೆ. ಬಿಸಿಲು, ಸೆಕೆ ಇದ್ದಲ್ಲಿ ಇನ್ನೂ ಬೇಗ. ಡಿಕ್ಕಿಯಲ್ಲಿ ಸುಮ್ಮನೆ ಕೂತ ಟೈರಿಗೂ ಇದು ತಪ್ಪಿದ್ದಲ್ಲ. ಗ್ರಿಪ್ ನೋಡಿದರೆ ಸವೆತ ಗೊತ್ತಾಗುತ್ತದೆ, ವಯಸ್ಸು ಗೊತ್ತಾಗೋದಿಲ್ಲ.

ಇದಕ್ಕೆ ದೊಡ್ಡ ಬೆಲೆ ತೆತ್ತಿದ್ದು ಬ್ರಿಟನ್. 2012ರ ಸೆಪ್ಟೆಂಬರಿನಲ್ಲಿ ಐಲ್ ಆಫ್ ವೈಟ್ ದ್ವೀಪದ ಸಂಗೀತ ಉತ್ಸವ ಮುಗಿಸಿಕೊಂಡು ಲಿವರ್‌ಪೂಲಿಗೆ ಮರಳುತ್ತಿದ್ದ ಬಸ್ಸಿನ ಮುಂದಿನ ಟೈರ್ ಸಿಡಿಯಿತು. ಬಸ್ಸು ಮರಕ್ಕೆ ಗುದ್ದಿ ಮೂವರು ಸತ್ತರು. ಟೈರಿನ ವಯಸ್ಸು 19 ದಾಟಿತ್ತು. ಸತ್ತವರಲ್ಲಿ ಒಬ್ಬ 18ರ ಹುಡುಗ, ಟೈರಿಗಿಂತ ಚಿಕ್ಕವನು. ಅಂಥ ಟೈರು ಹಾಕಬಾರದೆಂಬ ಕಾನೂನೇ ಇರಲಿಲ್ಲ. ಹುಡುಗನ ತಾಯಿ ಫ್ರಾನ್ಸಿಸ್ ಮೊಲಾಯ್ ವರ್ಷಗಟ್ಟಲೆ ಹೋರಾಡಿದರು. 2021ರ ಫೆಬ್ರವರಿ 1ರಿಂದ ಅಲ್ಲಿ ಲಾರಿ, ಬಸ್ಸುಗಳ ಮುಂದಿನ ಆಕ್ಸಲ್‌ಗೆ 10 ವರ್ಷ ಮೀರಿದ ಟೈರ್ ಹಾಕುವಂತಿಲ್ಲ. ತಾರೀಕು ಓದಲು ಬರುವಂತೆಯೂ ಇರಬೇಕು. ಪತ್ತೆಗೆಂದು ಒತ್ತಿದ ಅಂಕಿ ಒಬ್ಬ ತಾಯಿಯ ಹಟದಿಂದ ವಯಸ್ಸಿನ ದಾಖಲೆಯಾಯಿತು.

ನಮ್ಮಲ್ಲಿ ಮಾರುವ ಟೈರುಗಳ ಮೇಲೂ ಇದೇ ನಾಲ್ಕು ಅಂಕಿ ಇರುತ್ತದೆ. ಮಿಶಲಿನ್‌ನಂಥ ತಯಾರಕರು ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಹತ್ತಾದರೆ ನೋಡಲು ಹೇಗೇ ಇರಲಿ ಸ್ಟೆಪ್ನಿ ಸಮೇತ ಬದಲಿಸಿ ಅಂತಾರೆ.

ಇಷ್ಟು ಓದಿಕೊಂಡು ಮೊಬೈಲ್ ಟಾರ್ಚ್ ಹಿಡಿದು ನಮ್ಮ ಸ್ಟೆಪ್ನಿ ನೋಡಿದೆ. 4611. ಅಂದರೆ 2011ರ ನವೆಂಬರ್. ಅಪ್ಪನಿಗೆ ಲೆಕ್ಕ ಬಿಡಿಸಿ ಹೇಳಿದೆ. "ಹಂಗಾದ್ರೆ ಇದು ಬಾಯಿಗೂಡಿ ಎಷ್ಟು ಕಾಲ ಆಯ್ತೋ," ಅಂದು ಟೈರಿನ ಮೇಲಿಂದ ಕೈ ತೆಗೆದರು.

ಧರ್ಮಸ್ಥಳಕ್ಕೆ ಹೋಗಿದ್ದು ಹದಿನೈದು ದಿನ ತಡವಾಗಿ, ಹೊಸ ಟೈರ್ ಹಾಕಿಸಿಕೊಂಡೇ. ಅಂಗಡಿಯಲ್ಲಿ ಫಿಟ್ ಮಾಡುವ ಮೊದಲು ಪ್ರತಿ ಟೈರಿನ ನಾಲ್ಕು ಅಂಕಿಯನ್ನೂ ಅಪ್ಪನಿಗೆ ಓದಿ ಹೇಳಿದೆ. ಹಳೇ ಸ್ಟೆಪ್ನಿ ಈಗ ಊರಲ್ಲಿ ಹುಲ್ಲಿನ ಬಣವೆಗೆ ಹೊದೆಸಿದ ಟಾರ್ಪಾಲಿನ ಮೇಲೆ ಭಾರಕ್ಕೆ ಕೂತಿದೆ.

ನಿಮ್ಮ ಡಿಕ್ಕಿಯನ್ನೂ ಇವತ್ತೇ ಒಮ್ಮೆ ತೆಗೆದು ನೋಡಿ.