ಒಂದೇ ಕಟ್ಟಿನ ಪರಿಷ್ಕರಣ
ಹೇಮಾವತಿಯ ಜಲಾಶಯವನ್ನು ಮಗ್ಗುಲಲ್ಲಿರಿಸಿಕೊಂಡ ಗೊರೂರಿನಂತಹ ಊರುಗಳಲ್ಲಿ ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದಿಂದ ಅರ್ಜಿ ಬೆರಳಚ್ಚಿಸಿಕೊಡುವವರಿಗೆ, 2009ರ ವಿಂಡೋಸ್ 7, ಹಳೆಯ ಗಣಕಯಂತ್ರದಲ್ಲಿಯೂ ಬಳಲದೆ ನಡೆಯುವಂಥದಾದುದರಿಂದ, ಒಪ್ಪುವಂತಹುದೇ ಆಗಿದ್ದಿತು. ಮೊದಲು ಅದರ ಪರಿಷ್ಕರಣಗಳು ಬಿಡಿಬಿಡಿಯಾಗಿ ಬರುತ್ತಿದ್ದು, ಬೇಡವಾದುದರ ಮುಂದಿನ ಗುರುತನ್ನು ತೆಗೆದು ಮರೆಮಾಡುವ ಸ್ವಾತಂತ್ರ್ಯ ಬಳಕೆದಾರನಿಗಿದ್ದಿತು. 2016ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಅವನ್ನು ಮಾಸಿಕ ಕಟ್ಟೊಂದರಲ್ಲಿ ಬಿಗಿದ ಮೇಲೆ, ಭದ್ರತೆಯ ದುರಸ್ತಿಯನ್ನು ಬಯಸಿದ ಸಾಮಾನ್ಯನು, ಯಂತ್ರದ ವಿವರಗಳನ್ನು ಕಂಪನಿಗೆ ರವಾನಿಸುವ ಭಾಗವನ್ನೂ ಅದರೊಡನೆಯೇ ಸ್ವೀಕರಿಸಬೇಕಾದ ಪ್ರಸಂಗ ಒದಗಿತು. ಭದ್ರತೆಗೆ ಮಾತ್ರ ಮೀಸಲಾದ ಪ್ರತ್ಯೇಕ ಕಟ್ಟು ಇದ್ದಿತಾದರೂ, ಅದನ್ನು ತಿಂಗಳು ತಿಂಗಳೂ ಹುಡುಕಿ ಕೈಯಾರೆ ಇಳಿಸಿಕೊಳ್ಳುವ ವ್ಯವಧಾನ ಎಷ್ಟು ಮಂದಿಗೆ? ಹೀಗೆ ಹೇರಿದ ರವಾನೆ ಬಳಕೆದಾರನ ಖಾಸಗಿತನಕ್ಕೆ ಧಕ್ಕೆಯಾದುದರಿಂದ, ಇದನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಹೊರಟ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಕೊನೆಗೆ, 2020ರ ಜನವರಿ 14ಕ್ಕೆ ವಿಂಡೋಸ್ 7ರ ಸಾರ್ವತ್ರಿಕ ಬೆಂಬಲವೇ ನಿಂತುಹೋಯಿತು.