ಹೂಳು ತೆಗೆಯುವ ಸರದಿ ಯಾರದು?

ಬೀದರ್ ನಗರದ ಅಂಚಿನ ನೌಬಾದಿನಲ್ಲಿ ನೆಲದಡಿ ಒಂದು ಕಾಲುವೆಯಿದೆ. ಬಹಮನಿ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಪರ್ಷಿಯಾದ ಪದ್ಧತಿಯಂತೆ ಬಂಡೆ ಕೊರೆದು ಮಾಡಿದ್ದು. ಇತಿಹಾಸಕಾರರು ಇದನ್ನು ಕರೇಜ್ ಎನ್ನುತ್ತಾರೆ. ಊರಿನವರಿಗೆ ಇದು ಸುರಂಗ ಬಾವಿ. ನೆಲದೊಳಗಿನ ಸೆಲೆಯ ನೀರು ಇಳಿಜಾರಾದ ಸುರಂಗದಲ್ಲಿ ತಾನಾಗಿಯೇ ಹರಿದು ಬರುತ್ತಿತ್ತು. ಗಾಳಿ, ಬೆಳಕು ಒಳಗಿಳಿಯಲು ಮತ್ತು ಹೂಳನ್ನು ಮೇಲೆತ್ತಲು ದಾರಿಯುದ್ದಕ್ಕೂ ಬಾವಿಯಂಥ ಕಿಂಡಿಗಳು.

ಇಂಥ ಕಾಲುವೆಯ ಆಯುಷ್ಯ ಅದನ್ನು ಕಟ್ಟಿದವರಿಗಿಂತ ಹೂಳು ತೆಗೆಯುವವರನ್ನು ನಂಬಿಕೊಂಡಿರುತ್ತದೆ. ನಲ್ಲಿ, ಕೊಳವೆ ಬಾವಿಗಳು ಬಂದ ಮೇಲೆ ಇತ್ತ ನೋಡುವವರು ಕಡಿಮೆಯಾದರು. ಕಿಂಡಿಗಳಲ್ಲಿ ಮಣ್ಣು, ಕಸ ತುಂಬಿತು. 2010ರ ದಶಕದಲ್ಲಿ ಹೂಳೆತ್ತುವ ಕೆಲಸ ನಡೆದಾಗ ಈ ಸುರಂಗ ಮತ್ತೆ ಸುದ್ದಿಯಾಯಿತು.

ಎಲ್ಲರೂ ಬಳಸುವ, ಯಾರೊಬ್ಬರ ಸ್ವತ್ತೂ ಅಲ್ಲದ ಇಂಥ ಕಾಲುವೆಗಳು ಕಂಪ್ಯೂಟರ್ ಜಗತ್ತಿನಲ್ಲೂ ಇವೆ. ‘ಮುಕ್ತ ತಂತ್ರಾಂಶ’ ಅಥವಾ ‘ಓಪನ್ ಸೋರ್ಸ್’ ಎಂದು ಅವುಗಳ ಹೆಸರು. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ನಿಂತ ಪ್ರಯಾಣಿಕನ ಕೈಯಲ್ಲಿ ಆಂಡ್ರಾಯ್ಡ್ ಮೊಬೈಲ್ ಇದ್ದರೆ, ಅದರ ತಳದಲ್ಲಿರುವುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ನೀರು ಎಲ್ಲರ ಮನೆಗೂ ಬಂದಿದೆ. ಹೂಳು ತೆಗೆಯುವುದು ಹೇಗೆಂಬುದು ಮಾತ್ರ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ.

ಪ್ರಿಂಟರ್ ಹಚ್ಚಿದ ಕಿಡಿ

ಕಥೆ ಶುರುವಾಗುವುದು ಅಮೆರಿಕದಲ್ಲಿ. 1980ರ ಸುಮಾರಿಗೆ ಎಂಐಟಿ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ಝೆರಾಕ್ಸ್ ಕಂಪನಿಯ ಹೊಸ ಪ್ರಿಂಟರ್ ಒಂದಿತ್ತು. ಅದರಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸೂಚನೆ ಹೋಗುವಂತೆ ಮಾಡಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬ ತಂತ್ರಜ್ಞ ಇದನ್ನೂ ಹಾಗೆಯೇ ತಿದ್ದಲು ಹೊರಟರು. ಪ್ರೋಗ್ರಾಮಿನ ಮೂಲ ಸಂಕೇತ, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಬರಹ, ಅವರಿಗೆ ಸಿಗಲಿಲ್ಲ. ಅದನ್ನು ಹೊಂದಿದ್ದವರು ಗುಟ್ಟು ಬಿಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದರು.

1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ‘ಗ್ನೂ’ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಅದರ ಲೈಸೆನ್ಸ್ ಪತ್ರ ಸಿದ್ಧವಾಯಿತು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಇಣುಕಿ ನೋಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಹಂಚುವಾಗ ಮಾತ್ರ ಇದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. 1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಪ್ರೋಗ್ರಾಮಿನ ವಿಷಯ ತಿಳಿಸಿ ಇತರರ ಅಭಿಪ್ರಾಯ ಕೇಳಿದರು. ಅದೇ ಲಿನಕ್ಸ್. ಕೆಲವೇ ಸಾವಿರ ಸಾಲುಗಳಿಂದ ಆರಂಭವಾದ ಅದು ಇಂದು ಕೋಟಿಗಟ್ಟಲೆ ಸಾಲುಗಳಿಗೆ ಬೆಳೆದಿದೆ.

ಕನ್ನಡ ಹರಿದು ಬಂದ ಬಗೆ

ಕಂಪ್ಯೂಟರಿನಲ್ಲಿ ಕನ್ನಡದ ಆರಂಭದ ದಿನಗಳನ್ನು ಕಂಡವರಿಗೆ ಒಂದು ಸಂಕಟ ನೆನಪಿರುತ್ತದೆ. ಒಂದು ಕಡೆ ಬೆರಳಚ್ಚು ಮಾಡಿದ್ದನ್ನು ಇನ್ನೊಂದು ಕಡೆ ತೆರೆದರೆ ಅಕ್ಷರಗಳ ಬದಲು ಏನೇನೋ ಗೀಟುಗಳು. ಒಬ್ಬೊಬ್ಬರದು ಒಂದೊಂದು ಸಂಕೇತ. 1991ರಲ್ಲಿ ಬಂದ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ ಸಿಕ್ಕಿತು. ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕ ಮಾತ್ರಕ್ಕೆ ಪರದೆಯ ಮೇಲೆ ಅಕ್ಷರ ಮೂಡದು. ಅಕ್ಷರ ವಿನ್ಯಾಸ ಬೇಕು, ಕೀಲಿಮಣೆ ಬೇಕು, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಬೇಕು.

ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಅಂಗೀಕರಿಸಿತು. ಅದು ಲಿನಕ್ಸ್‌ನಲ್ಲೂ ‘ಕೆಜಿಪಿ’ ಎಂಬ ಹೆಸರಿನಿಂದ ಸೇರಿಕೊಂಡಿದೆ. ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’, ‘ನವಿಲು’ ಅಕ್ಷರ ವಿನ್ಯಾಸಗಳನ್ನು ಯಾರು ಬೇಕಾದರೂ ಬಳಸಬಹುದು, ಬೇಕೆಂದರೆ ತಿದ್ದಬಹುದು. ಗ್ನೋಮ್, ಫೈರ್‌ಫಾಕ್ಸ್ ಮುಂತಾದವುಗಳ ಮೆನುಗಳನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದವರಿದ್ದಾರೆ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ‘ವಚನ ಸಂಚಯ’ದ ಗೆಳೆಯರ ದುಡಿಮೆಯಿಂದ 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಬಹುದಾಗಿದೆ. ಬಸವಕಲ್ಯಾಣವಿರುವ ಈ ಜಿಲ್ಲೆಗೆ ಇದು ದೂರದ ಸಂಗತಿಯಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಉಚಿತವಾದದ್ದೆಲ್ಲ ಮುಕ್ತವಲ್ಲ. ದುಡ್ಡು ಕೊಡದೆ ಸಿಕ್ಕಿದ ತಂತ್ರಾಂಶದ ಒಳಗೇನಿದೆಯೆಂದು ನೋಡಲಾಗದಿದ್ದರೆ, ಅದು ಕೆಟ್ಟಾಗ ಮಾಡಿದವರ ದಾರಿ ಕಾಯಬೇಕು. ಮುಕ್ತ ತಂತ್ರಾಂಶವನ್ನು ಬಲ್ಲವರು ಯಾರಾದರೂ ದುರಸ್ತಿ ಮಾಡಬಹುದು.

ಕೈಜೋಡಿಸುವುದು ಹೇಗೆ?

ಪ್ರೋಗ್ರಾಂ ಬರೆಯಲು ಬರುವವರಿಗಷ್ಟೇ ಇಲ್ಲಿ ಕೆಲಸ ಎಂಬುದು ತಪ್ಪು ಕಲ್ಪನೆ. ಮೊದಲ ಮೆಟ್ಟಿಲು, ಬಳಸುವುದು. ಬಳಸಿದವರಿಗೇ ಅದರ ಕುಂದು ಕಾಣುವುದು.

ಎರಡನೆಯದು, ಕುಂದನ್ನು ಸರಿಯಾಗಿ ತಿಳಿಸುವುದು. ‘ಕನ್ನಡ ಬರುತ್ತಿಲ್ಲ’ ಎಂದರೆ ಯಾರಿಗೂ ಉಪಯೋಗವಿಲ್ಲ. ಯಾವ ಯಂತ್ರ, ತಂತ್ರಾಂಶದ ಯಾವ ಆವೃತ್ತಿ, ಏನನ್ನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು ಎಂಬುದನ್ನು ಬರೆಯಬೇಕು. ಯಾವ ಒತ್ತಕ್ಷರ ಒಡೆದು ಕಾಣುತ್ತಿದೆಯೆಂದು ಚಿತ್ರ ಸಮೇತ ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಬೇರೆಯವರು ಅದನ್ನು ಮೊದಲೇ ತಿಳಿಸಿದ್ದಾರೆಯೇ ಎಂದೂ ನೋಡಬೇಕು.

ಮೂರನೆಯದು ಅನುವಾದ ಮತ್ತು ಕೈಪಿಡಿ. ಮೆನುವಿನ ಒಂದು ಸಾಲು ಅರ್ಥವಾಗದಿದ್ದರೆ ಉತ್ತಮವಾದ ಮಾತನ್ನು ಸೂಚಿಸಬಹುದು. ‘ಫೈಲ್’ಗೆ ‘ಕಡತ’ ಸಾಕೆ, ‘ಫೈಲ್’ ಎಂದೇ ಇರಲೆ ಎಂಬ ಚರ್ಚೆಯೂ ಒಂದು ಕೊಡುಗೆಯೇ.

ನಾಲ್ಕನೆಯದು ಪ್ರೋಗ್ರಾಮನ್ನೇ ತಿದ್ದುವುದು. ಮೂಲ ಸಂಕೇತದ ಒಂದು ಪ್ರತಿಯನ್ನು ತನ್ನ ಯಂತ್ರಕ್ಕೆ ತಂದುಕೊಂಡು, ತಿದ್ದಿ, ಪರೀಕ್ಷಿಸಿ, ತಿದ್ದುಪಡಿಯನ್ನಷ್ಟೇ ಯೋಜನೆಯ ಉಸ್ತುವಾರಿ ನೋಡುವವರಿಗೆ ಕಳಿಸಬೇಕು. ಯಾರು ಯಾವಾಗ ಏನನ್ನು ಬದಲಿಸಿದರೆಂಬ ಲೆಕ್ಕ ಇಡುವ ‘ಗಿಟ್’ ಎಂಬ ಸಾಧನವನ್ನು 2005ರಲ್ಲಿ ಲೀನಸ್ ಅವರೇ ರಚಿಸಿದರು. ಉಸ್ತುವಾರಿಯವರು ತಿದ್ದುಪಡಿಯನ್ನು ಓದಿ ಪ್ರಶ್ನೆ ಕೇಳುತ್ತಾರೆ. ಕೆಲವೊಮ್ಮೆ ವಾಪಸು ಕಳಿಸುತ್ತಾರೆ. ಅದನ್ನು ಅವಮಾನವೆಂದು ಭಾವಿಸಬೇಕಿಲ್ಲ. ಮೊದಲ ಸಲ ಹೋಗುವವರು ಸಣ್ಣದನ್ನು, ಒಂದು ಕಾಗುಣಿತ ದೋಷವನ್ನಾದರೂ, ತಿದ್ದಿ ಕಳಿಸುವುದು ಲೇಸು. ಹೀಗೆ ಮಾಡಿದ ಕೆಲಸ ಹೆಸರಿನೊಂದಿಗೆ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಲ್ಲೋ ಓದುವವರು ತಮ್ಮ ಕೈಚಳಕ ತೋರಿಸಲು ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ.

ಹೂಳು ತುಂಬಿದರೆ ಏನಾಗುತ್ತದೆಂಬುದಕ್ಕೆ 2024ರ ಮಾರ್ಚ್ ತಿಂಗಳ ಘಟನೆಯೇ ಸಾಕ್ಷಿ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶ ಲಿನಕ್ಸ್ ಯಂತ್ರಗಳಲ್ಲೆಲ್ಲ ಬಳಕೆಯಲ್ಲಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದವರು ಬಹುತೇಕ ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. ದಣಿದಿದ್ದ ಅವರಿಗೆ ನೆರವಾಗುವ ಸೋಗಿನಲ್ಲಿ ಬಂದ ಅನಾಮಿಕನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲೊಂದನ್ನು ಒಳಗಿಟ್ಟ. ಅದು ಬಯಲಾದದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರಿಂದ. ತಮ್ಮ ಯಂತ್ರದ ಬಾಗಿಲು ತೆರೆಯಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಅವರು ಬೆನ್ನುಹತ್ತಿದರು. ಮೂಲ ಸಂಕೇತ ತೆರೆದಿದ್ದರಿಂದ ಕಾರಣ ಹುಡುಕಿ ಜಗತ್ತಿಗೆ ತಿಳಿಸಿದರು. ಒಳಗೆ ಬಂದವನೂ ಬರಹವನ್ನು ತಿದ್ದಿದವನೇ, ಕಾಪಾಡಿದವರೂ ಬರಹವನ್ನು ಓದಿದವರೇ. ನೋಡುವ ಕಣ್ಣುಗಳು ಕಡಿಮೆಯಿದ್ದದ್ದೇ ಅಪಾಯಕ್ಕೆ ದಾರಿಯಾಯಿತು.

ಔರಾದ್ ಯಾವುದು?

ಇದೇ ರೀತಿಯ ಸಾಮೂಹಿಕ ದುಡಿಮೆಯಿಂದ ಬೆಳೆದದ್ದು 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ನಕ್ಷೆ. ಇದಕ್ಕೆ ರಸ್ತೆ, ಕೆರೆ, ಶಾಲೆ, ಊರನ್ನು ಯಾರು ಬೇಕಾದರೂ ಸೇರಿಸಬಹುದು. ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಲು ಅದರಲ್ಲಿ ಪ್ರತ್ಯೇಕ ಸ್ಥಳವಿದೆ.

ಗಡಿಯ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ನಮ್ಮ ಔರಾದ್ ಬಾರ್ಹಳ್ಳಿಯ ಔರಾದ್. ಗಡಿಯಾಚೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ ಔರಾದ್ ಶಹಾಜನಿ ಇದೆ. 1956ರ ತನಕ ಒಂದೇ ಬೀದರ್ ಜಿಲ್ಲೆಯಲ್ಲಿದ್ದ ಉದಗೀರ್ ಮುಂಬಯಿ ರಾಜ್ಯಕ್ಕೂ ಜಹೀರಾಬಾದ್ ಆಂಧ್ರಕ್ಕೂ ಹೋದವು. ಒಂದೇ ಹಳ್ಳಿಗೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲಿಗೆಗಳಲ್ಲಿ ಬೇರೆ ಬೇರೆ ಉಚ್ಚಾರ. ಹೊರಗಿನವರು ಇಂಗ್ಲಿಷಿನಿಂದ ಊಹಿಸಿ ಬರೆದದ್ದೇ ನಕ್ಷೆಯಲ್ಲಿ ನಿಂತರೆ, ನಾಳೆ ಮಕ್ಕಳು ಅದನ್ನೇ ಊರಿನ ಹೆಸರೆಂದು ಓದುತ್ತಾರೆ. ಸರಿಯಾದದ್ದು ಊರಿನವರಿಗೆ ಗೊತ್ತು, ಅವರು ಬರೆಯಬೇಕು.

ಇಲ್ಲಿ ಕನ್ನಡಕ್ಕೆ ಜಾಗ ಸುಲಭವಾಗಿ ಸಿಕ್ಕಿದ್ದಲ್ಲ. ನಿಜಾಮರ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳ ಭಾಷೆ ಉರ್ದುವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮನೆಮಾತು. ಆಗ ಬಾಗಿಲು ಮುಚ್ಚಿಕೊಂಡು ಮಾಡಬೇಕಾದ ಕೆಲಸವನ್ನು ಇಂದು ಬಾಗಿಲು ತೆರೆದೇ ಮಾಡಬಹುದು. ಮುಕ್ತ ತಂತ್ರಾಂಶದಲ್ಲಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಕಾಲೇಜಿನ ಹುಡುಗನಾಗಲಿ ನಿವೃತ್ತ ಮೇಷ್ಟ್ರಾಗಲಿ, ಮೊಬೈಲಿನಲ್ಲಿ ತಮ್ಮ ಊರನ್ನು ಹುಡುಕಿ, ಹೆಸರು ತಪ್ಪಿದ್ದರೆ ತಿದ್ದಿದರೂ ಸಾಕು.

ನೌಬಾದಿನ ಸುರಂಗವನ್ನು ಕಟ್ಟಿಸಿದ ರಾಜಮನೆತನದ ಹೆಸರು ಇತಿಹಾಸದಲ್ಲಿದೆ. ವರ್ಷ ವರ್ಷವೂ ಅದರೊಳಗೆ ಇಳಿದು ಮಣ್ಣು ಹೊತ್ತವರ ಹೆಸರು ಎಲ್ಲೂ ಇಲ್ಲ. ನೀರು ಬಂದದ್ದು ಅವರಿಂದಲೂ ಹೌದು.